ಎಪ್ಪತ್ತು ಮಾರು ಹಗ್ಗ

ಎಲ್ಲರೂ ಕೂತಿರಾ? ಆ ಮೂಲೆಯವರು ಸ್ವಲ್ಪ ಮುಂದೆ ಬನ್ನಿ. ನಾನು ಹೇಳ್ತಾ ಹೋಗ್ತೀನಿ, ನೀವು ಹ್ಞೂಂ ಅನ್ನಬೇಕು. ನಿಮ್ಮ ಹ್ಞೂಂ ನಿಂತರೆ ನನ್ನ ಕತೆಯೂ ನಿಲ್ಲುತ್ತೆ.

ಒಂದು ರಾಜ್ಯ ಇತ್ತು. ರಾಜ್ಯ ಅಂದ ಕೂಡಲೇ ಆನೆ, ಕುದುರೆ, ಲಕ್ಷ ಸೈನ್ಯ ಅಂದುಕೊಳ್ಳಬೇಡಿ. ಒಂದು ಬೋಳು ಕಲ್ಲುಗುಡ್ಡ, ಅದರ ನೆತ್ತಿಯ ಮೇಲೊಂದು ಕೋಟೆ, ಕೋಟೆಯೊಳಗೆ ಎಪ್ಪತ್ತು ಮನೆ. ಅಷ್ಟೇ ರಾಜ್ಯ. ಹೆಸರು ಕಾಡಿಗೆಗಲ್ಲು ದುರ್ಗ.

ಕೋಟೆಗೆ ಇದ್ದದ್ದು ಒಂದೇ ಬಾವಿ. ಅದರ ಆಳ ಎಪ್ಪತ್ತು ಮಾರು. ಮಾರು ಅಂದರೆ ಎಷ್ಟು ಗೊತ್ತಾ? ಎರಡೂ ಕೈ ಚಾಚಿ. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಅಂಥದ್ದು ಎಪ್ಪತ್ತು! ಬಾವಿಗೆ ಕಲ್ಲು ಹಾಕಿದರೆ ಬುಳುಂ ಅನ್ನೋ ಸದ್ದು ಕೇಳುವಷ್ಟರಲ್ಲಿ ನೀವು ಒಂದು ಹುರಿಗಡಲೆ ಅಗಿದು ನುಂಗಿರುತ್ತೀರಿ.

ಅಷ್ಟುದ್ದದ ಹಗ್ಗ ಎಲ್ಲಿಂದ ಬರಬೇಕು? ಅದಕ್ಕೇ ಅಲ್ಲೊಂದು ಪದ್ಧತಿ ಇತ್ತು. ಮನೆಗೊಂದು ಮಾರು. ಪ್ರತಿ ಮನೆಯವರೂ ಕತ್ತಾಳೆ ಪಟ್ಟೆಯನ್ನು ತಿಂಗಳುಗಟ್ಟಲೆ ನೀರಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು, ಒಂದು ಮಾರು ಹಗ್ಗ ಹೊಸೆಯುವರು. ಹೆಣೆಯೋದಕ್ಕೆ ಅಂತ ಒಂದು ಗೇಣು ಹೆಚ್ಚಿಗೆ. ಎಪ್ಪತ್ತು ಮನೆಯ ಎಪ್ಪತ್ತು ತುಂಡನ್ನು ತುದಿಗೆ ತುದಿ ಹೆಣೆದರೆ ಬಾವಿಯ ಹಗ್ಗ. ಒದ್ದೆಯಾದ ಆ ಹಗ್ಗವನ್ನು ಕೊಡದ ಸಮೇತ ಮೇಲಕ್ಕೆಳೆಯಲು ಇಪ್ಪತ್ತು ಜನ ಸಾಲಾಗಿ ನಿಲ್ಲಬೇಕಿತ್ತು. ಒಬ್ಬರೇ ನೀರು ಸೇದಿದ್ದು ಆ ಊರಲ್ಲಿ ಯಾವತ್ತೂ ಇಲ್ಲ.

ಹಗ್ಗ ಕಾಯೋಳು ಕೆಂಚಜ್ಜಿ. ಬೆಳಗಾದರೆ ಬಾವಿಕಟ್ಟೆಗೆ ಬಂದು, ಕಣ್ಣು ಮುಚ್ಚಿಕೊಂಡು, ಹಗ್ಗವನ್ನೆಲ್ಲ ಬೆರಳ ಸಂದಿಯಲ್ಲಿ ಹಾಯಿಸುವಳು. "ಏ ತಿಪ್ಪಯ್ಯ, ನಿನ್ನ ಮಾರು ಸವೆದಿದೆ ಕಣೋ, ಬದಲಾಯ್ಸು" ಅನ್ನುವಳು. ಒಂದು ದಿನವೂ ತಪ್ಪು ಹೇಳಿದವಳಲ್ಲ.

ಸರಿ, ರಾಜ ಯಾರು? ರಾಜ ಇರಲಿಲ್ಲ. ರಾಣಿ ಇದ್ದಳು, ಗಿರಿಜಮ್ಮಣ್ಣಿ. ವಯಸ್ಸು ಎಂಟು. ಸಿಂಹಾಸನದ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅಪ್ಪ ಅಮ್ಮ ಇಲ್ಲದ ಕೂಸು ಅಂತ ಊರಿಗೆಲ್ಲ ಅವಳ ಮೇಲೆ ಪ್ರೀತಿ. ಪ್ರೀತಿ ಸ್ವಲ್ಪ ಜಾಸ್ತಿಯೇ ಆಗಿತ್ತು ಅನ್ನಿ. ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳೂ ಈ ಕೆಂಚಜ್ಜಿಯೇ.

ಆ ಕೋಟೆಯ ಬಾಗಿಲಲ್ಲಿ ಒಂದು ಕಲ್ಲು ಇತ್ತು. ರಾಣಿಯ ಮುತ್ತಜ್ಜ ಕೆತ್ತಿಸಿದ್ದು. "ಆಳುವವರು ಮೂರು ಸಲ ಬೇಕೆಂದದ್ದನ್ನು ತರತಕ್ಕದ್ದು." ಮೂರು ಸಲ ಬೇಕು ಅಂದರೆ ಮುಗಿಯಿತು, ಅದಕ್ಕೆ ಯಾರೂ ಎದುರಾಡುವ ಹಾಗಿಲ್ಲ. ನಮ್ಮ ಗಿರಿಜಮ್ಮಣ್ಣಿಗೆ ಅದೆಷ್ಟು ಸುಲಭ! ಒಂದೇ ಉಸಿರಲ್ಲಿ ಹೇಳುವಳು: "ಬೇಕು ಬೇಕು ಬೇಕು!"

ಇದು ಹೇಗೋ ಥಳುಕಪ್ಪನ ಕಿವಿಗೆ ಬಿತ್ತು.

ಥಳುಕಪ್ಪ ಯಾರು ಅಂತೀರಾ? ಮೂರು ಕತ್ತೆಗಳ ಮೇಲೆ ಪೆಟ್ಟಿಗೆ ಹೇರಿಕೊಂಡು ಊರೂರು ತಿರುಗುವ ವ್ಯಾಪಾರಿ. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಅವನ ಪೆಟ್ಟಿಗೆಯಲ್ಲಿ ಹೊಳೆಯದ ಸಾಮಾನೇ ಇರಲಿಲ್ಲ, ಅದಕ್ಕೇ ಆ ಹೆಸರು. ಮೀಸೆ ಮಾತ್ರ ಬಹಳ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಮೊದಲನೇ ಸಲ ಬಂದಾಗ ಅವನು ಒಂದು ಕನ್ನಡಿ ತಂದ. ಸುತ್ತಲೂ ನವಿಲಿನ ಕಟ್ಟು. ಹತ್ತಿರ ಹೋದರೆ ಮುಖ ಕುಂಬಳಕಾಯಿ, ದೂರ ಹೋದರೆ ಪಡವಲಕಾಯಿ. ರಾಣಿ ನಕ್ಕೂ ನಕ್ಕೂ ಸುಸ್ತಾದಳು.

"ಬೇಕು ಬೇಕು ಬೇಕು!"

"ತಗೊಳ್ಳಿ ಅಮ್ಮಣ್ಣಿಯವರೇ," ಅಂದ ಥಳುಕಪ್ಪ ಬಗ್ಗಿ ಕೈಮುಗಿದು. "ನನ್ನ ವ್ಯಾಪಾರ ಒಂದೇ ಮಾತಿಂದು. ಮೂರು ಸಲ ಬೇಕು ಅಂದೋರು, ಕೊಡೋನು ಕೇಳಿದ್ದನ್ನ ಕೊಡಬೇಕು. ನಾನು ಜಾಸ್ತಿ ಏನೂ ಕೇಳಲ್ಲ. ಉಗ್ರಾಣದ ಮೂಲೇಲಿ ಉಪ್ಪಿನ ಮೂಟೆಗಳು ಬಿದ್ದಿವೆಯಲ್ಲ, ಅವು ಸಾಕು."

"ಉಪ್ಪಾ? ಅಷ್ಟೇನಾ? ತಗೊಂಡು ಹೋಗು!"

ಕನ್ನಡಿ ಬಂತು, ಉಪ್ಪು ಹೋಯಿತು. ಮಾರನೇ ದಿನದಿಂದ ಸಾರು ಸಪ್ಪೆ, ಪಲ್ಯ ಸಪ್ಪೆ, ಮಜ್ಜಿಗೆಯೂ ಸಪ್ಪೆ. ಎಪ್ಪತ್ತು ಮನೆಯವರೂ ಮುಖ ಕಿವಿಚಿಕೊಂಡು ಉಂಡರು. ರಾಣಿ ಕನ್ನಡಿ ಮುಂದೆ ಕೂತು ಉಂಡಳು. ಕನ್ನಡಿಯಲ್ಲಿ ಅವಳ ಕಿವಿಚಿದ ಮುಖ ಇನ್ನಷ್ಟು ಕಿವಿಚಿ ಕಂಡಿತು. ಆದರೂ ಹೇಗೋ ದಿನ ದೂಡಿದರು.

ಎರಡನೇ ಸಲ ಬಂದಾಗ ಅವನು ಒಂದು ಕೀಲುಗಿಳಿ ತಂದ. ಬಾಲ ತಿರುವಿದರೆ "ರಾಣಿಗೆ ಜಯವಾಗಲಿ!" ಅನ್ನುತ್ತಿತ್ತು.

"ಬೇಕು ಬೇಕು ಬೇಕು!"

"ತಗೊಳ್ಳಿ. ನನಗೆ ಊರಿನ ಹಳೇ ಕಂಬಳಿಗಳು ಸಾಕು."

ಗಿಳಿ ಬಂತು, ಊರಿನ ಕಂಬಳಿಗಳೆಲ್ಲ ಹೋದವು. ಅದೇ ವಾರ ಗುಡ್ಡದ ಮೇಲೆ ಕುಳಿರ್ಗಾಳಿ ಎದ್ದಿತು. ಜನ ಒಲೆಯ ಸುತ್ತ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿದರು. ರಾಣಿಯ ಹಲ್ಲು ಕಟಕಟ ಅನ್ನುತ್ತಿತ್ತು. ಗಿಳಿಯ ಬಾಲ ತಿರುವಿದಳು. "ರಾಣಿಗೆ ಜಯವಾಗಲಿ!" ಅಂದಿತು. ಅದರಿಂದ ಚಳಿಯೇನೂ ಹೋಗಲಿಲ್ಲ. ಆದರೂ ಹೇಗೋ ಚಳಿಗಾಲ ಕಳೆಯಿತು.

ಮೂರನೇ ಸಲ ಬಂದಾಗ ಬಿರುಬಿಸಿಲು. ಅವನು ಒಂದು ಜರಿಯ ಛತ್ರಿ ತಂದ. ಅಂಚಿಗೆಲ್ಲ ಪುಟ್ಟ ಪುಟ್ಟ ಗೆಜ್ಜೆ. ತಿರುಗಿಸಿದರೆ ಘಲ್ ಘಲ್.

"ಬೇಕು ಬೇಕು..."

"ಅವ್ವಾ, ತಡಿ!" ಅಂತ ಕೆಂಚಜ್ಜಿ ಓಡೋಡಿ ಬಂದಳು.

"...ಬೇಕು!"

"ತಗೊಳ್ಳಿ," ಅಂದ ಥಳುಕಪ್ಪ ಮೀಸೆಯಡಿ ನಗುತ್ತಾ. "ನನಗೆ ಬಾವಿಯ ಹಗ್ಗ ಸಾಕು."

ಊರಿಗೆ ಊರೇ ಬಾವಿಕಟ್ಟೆಗೆ ಓಡಿತು. ಆದರೆ ರಾಣಿ ಮೂರು ಸಲ ಹೇಳಿಯಾಗಿತ್ತು, ಬಾಗಿಲಲ್ಲಿ ಕಲ್ಲು ಇತ್ತು. ಎಪ್ಪತ್ತು ಮನೆಯವರು ಹೊಸೆದ ಹಗ್ಗ ಸುರುಳಿ ಸುರುಳಿಯಾಗಿ ಕತ್ತೆಗಳ ಬೆನ್ನೇರಿ ಗುಡ್ಡ ಇಳಿಯಿತು. ಕೆಂಚಜ್ಜಿ ಖಾಲಿ ಬಾವಿಕಟ್ಟೆಯ ಮೇಲೆ ಕೂತು ಬೆರಳುಗಳನ್ನು ನೋಡಿಕೊಂಡಳು. ಆ ಬೆರಳಿಗೆ ಬೆಳಗಿನ ಕೆಲಸವೇ ಇಲ್ಲವಾಯಿತು.

ಈಗ ಹೇಳಿ ಮಕ್ಕಳೇ, ಉಪ್ಪಿಲ್ಲದೆ ಉಣ್ಣಬಹುದು, ಕಷ್ಟಪಟ್ಟು. ಕಂಬಳಿ ಇಲ್ಲದೆ ಮಲಗಬಹುದು, ನಡುಗಿಕೊಂಡು. ನೀರಿಲ್ಲದೆ?

ಜನ ದನದ ಹಗ್ಗ, ತೊಟ್ಟಿಲ ಹಗ್ಗ, ಹಳೇ ಸೀರೆ ಎಲ್ಲ ಗಂಟು ಹಾಕಿ ಇಳಿಬಿಟ್ಟರು. ನಡುವಲ್ಲಿ ಪಟ್ ಅಂತ ಹರಿದು ಕೊಡ ಬಾವಿ ಪಾಲಾಯಿತು. ಹೊಸ ಹಗ್ಗ ಹೊಸೆಯೋಣ ಅಂದರೆ ಕತ್ತಾಳೆ ಕೊಳೆಹಾಕಲೂ ನೀರೇ ಬೇಕು. ಕಡೆಗೆ ಗುಡ್ಡದ ಬುಡದ ಹಳ್ಳಕ್ಕೆ ಹೊರಟರು. ಬೆಳಗ್ಗೆ ಇಳಿದರೆ ಸಂಜೆಗೆ ಮೇಲೆ. ಮನೆಗೆ ಒಂದೇ ಗಡಿಗೆ.

ರಾಣಿಯೂ ಗಡಿಗೆ ಹೊತ್ತಳು. ಯಾರೂ ಹೇಳಲಿಲ್ಲ, ತಾನಾಗಿಯೇ ಹೊತ್ತಳು. ಮೇಲೆ ಬರುವಷ್ಟರಲ್ಲಿ ಅರ್ಧ ತುಳುಕಿಹೋಗಿತ್ತು, ಪಾದಕ್ಕೆ ಬೊಬ್ಬೆ ಬಂದಿತ್ತು. ಜರಿಯ ಛತ್ರಿಯನ್ನು ತಲೆಕೆಳಗು ಮಾಡಿ, ಮಳೆ ಬಂದೀತೇನೋ ಅಂತ ಆಕಾಶಕ್ಕೆ ಹಿಡಿದು ನೋಡಿದಳು. ಒಂದು ಹನಿ ಬೀಳಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಅಜ್ಜಿ, ನಾನು ಮೂರು ಸಲ ಕ್ರಮವಾಗೇ ಹೇಳಿದ್ದೆ ಅಲ್ವಾ? ಕಲ್ಲಲ್ಲಿ ಹಂಗೇ ಇದೆಯಲ್ಲ?"

ಕೆಂಚಜ್ಜಿ ಅವಳ ಪಾದ ಒತ್ತುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು.

"ಅಯ್ಯೋ ನನ್ನವ್ವ, ನನಗೂ ಮರೆತೇ ಹೋಗಿತ್ತಲ್ಲೇ! ನಿನ್ನ ಮುತ್ತಜ್ಜ ಹೇಳ್ತಿದ್ದದ್ದೂ ಮೂರು ಸಲವೇ. ನಾನು ನಿನ್ನಷ್ಟಿದ್ದಾಗ ಕಣ್ಣಾರೆ ನೋಡಿದೀನಿ. ದೀಪ ಹಚ್ಚೋ ಹೊತ್ತಿಗೆ ಇದೇ ಕಟ್ಟೆ ಮುಂದೆ ನಿಂತು ಒಂದು ಸಲ ಬೇಕು ಅಂದ್ರೆ, ಮನೆಗೆ ಹೋಗಿ ಮಲಗೋರು. ಇನ್ನೊಂದು ಸಲ ಅನ್ನೋದು ನಾಳೆ ದೀಪದ ಹೊತ್ತಿಗೆ. ಮೂರನೇದು ನಾಡಿದ್ದು. ಎಷ್ಟೋ ಸಲ ಎರಡನೇ ದಿನ ಬರ್ತಾನೇ ಇರಲಿಲ್ಲ! ಯಾಕೆ ದೊರೆಗಳೇ ಅಂದ್ರೆ, 'ಅದು ಬರೀ ಆಸೆ ಕಣೇ ಕೆಂಚಿ, ಬೆಳಗಾಗೋದ್ರಲ್ಲಿ ಹೋಯ್ತು. ಬೇಕೇ ಬೇಕಾದ್ದು ಹೋಗಲ್ಲ, ದಿನದಿಂದ ದಿನಕ್ಕೆ ಬೆಳೀತದೆ' ಅನ್ನೋರು. ನಾವು ಮೂರು ಅನ್ನೋ ಎಣಿಕೆ ಇಟ್ಕೊಂಡ್ವಿ, ನಡುವಿನ ದಿನಗಳನ್ನ ಬಿಟ್ವಿ. ತಪ್ಪು ನಿಂದೊಬ್ಬಳದೇ ಅಲ್ಲ ತಾಯಿ, ಕಲಿಸದೆ ಬಿಟ್ಟ ನಂದೂ ಇದೆ."

ರಾಣಿ ಕಣ್ಣೊರೆಸಿಕೊಂಡಳು.

ಆ ವಾರ ಹಳ್ಳವೂ ಬತ್ತಿತು. ಮನೆಗಳಲ್ಲಿ ಉಳಿದದ್ದು ತಳ ಕಾಣುವ ಗಡಿಗೆಗಳು. ಅದೇ ಹೊತ್ತಿಗೆ ಥಳುಕಪ್ಪ ನಾಲ್ಕನೇ ಸಲ ಬಂದ. ಕತ್ತೆಗಳ ಮೇಲೆ ಹಗ್ಗದ ಸುರುಳಿ, ಉಪ್ಪಿನ ಮೂಟೆ, ಕಂಬಳಿ ಗಂಟು, ಎಲ್ಲ ಇತ್ತು. ಕೋಟೆಯನ್ನೇ ಹೊಡೆದುಕೊಂಡು ಇಲ್ಲೇ ಸಂಸಾರ ಹೂಡೋ ಅಂದಾಜಲ್ಲಿ ಬಂದಿದ್ದ.

"ಹಗ್ಗ ಬೇಕಾ ಅಮ್ಮಣ್ಣಿಯವರೇ? ಬೇಕು ಅನ್ನಿ, ಮೂರು ಸಲ. ಕೋಟೆ ಬಾಗಿಲ ಬೀಗದ ಕೈ ಕೊಟ್ಬಿಡಿ. ನೀವೆಲ್ಲ ಬೇರೆ ಊರು ನೋಡ್ಕೊಂಡ್ರೆ ಆಯ್ತು."

"ಕಸಿದುಕೊಳ್ಳೋಣ!" ಅಂತ ತಿಪ್ಪಯ್ಯ ಮುಂದೆ ನುಗ್ಗಿದ.

"ಬೇಡ," ಅಂದಳು ರಾಣಿ. "ಕೊಟ್ಟಿದ್ದು ನಾನೇ."

ಕೆಂಚಜ್ಜಿ ರಾಣಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ರಾಣಿ ಬೆಚ್ಚಿ ಅಜ್ಜಿಯ ಮುಖ ನೋಡಿದಳು. ಆಮೇಲೆ ನಿಧಾನಕ್ಕೆ ತಲೆಯಾಡಿಸಿದಳು. ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು:

"ನಮಗೇನು ಬೇಕೋ ಆಮೇಲೆ ನೋಡೋಣ. ಬೀಗದ ಕೈ ಬೇಕಾಗಿರೋದು ನಿನಗೆ. ಹಂಗಾದ್ರೆ ನೀನೇ ಕೇಳು, ನಮ್ಮ ಮುತ್ತಜ್ಜನ ಪದ್ಧತಿ ಪ್ರಕಾರ. ಬಾವಿಕಟ್ಟೆ ಮುಂದೆ, ದೀಪ ಹಚ್ಚೋ ಹೊತ್ತಿಗೆ, ಇವತ್ತೊಂದು ಸಲ, ನಾಳೆ ಒಂದು ಸಲ, ನಾಡಿದ್ದು ಒಂದು ಸಲ. ಮೂರೂ ಆದ್ರೆ ಬೀಗದ ಕೈ ನಿಂದು. ಅಷ್ಟರೊಳಗೆ ಬೇರೆ ಏನನ್ನಾದ್ರೂ ಮೂರು ಸಲ ಬೇಕು ಅಂದೆಯೋ, ಇದು ಬಿದ್ದುಹೋಯ್ತು. ಆಗ ನಿನ್ನ ವ್ಯಾಪಾರದ ಮಾತೇ ನಿನಗೆ. ಕೊಡೋರು ಕೇಳಿದ್ದನ್ನ ನೀನು ಕೊಡಬೇಕು. ಬಾಗಿಲು ತೆರೆದೇ ಇರುತ್ತೆ. ಯಾವಾಗ ಬೇಕಾದ್ರೂ ಹೋಗಬಹುದು. ಹೋದ್ರೆ ಮೊದಲಿಂದ ಎಣಿಕೆ."

ಥಳುಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಪೆಟ್ಟಿಗೇಲಿ ಇಲ್ಲದ್ದು ಏನಿದೆ ಅಂತ ನಾನು ಬೇಕು ಅನ್ಲಿ? ಆಗಲಿ!"

ಮೊದಲನೇ ದಿನ ದೀಪ ಹಚ್ಚುವ ಹೊತ್ತು. "ಬೀಗದ ಕೈ ಬೇಕು!" ಅಂತ ಗುಡುಗಿದ. ಕೋಟೆ ಗೋಡೆ ಮಾರ್ದನಿ ಕೊಟ್ಟಿತು. ಕೆಂಚಜ್ಜಿ ಒಂದು ಚೆಂಬು ನೀರು ತಂದಿಟ್ಟಳು. "ಇದು ನಿನ್ನ ಪಾಲು ಕಣಪ್ಪ. ರಾಣಿಗೂ ಇಷ್ಟೇ, ನಿನ್ನ ಒಂದೊಂದು ಕತ್ತೆಗೂ ಇಷ್ಟೇ." ಥಳುಕಪ್ಪ ಧೂಳಾದ ಕಾಲಿನ ಮೇಲೆ ಚೆಂಬನ್ನು ಮಗುಚಿ, ಪಾದ ಉಜ್ಜಿ ಉಜ್ಜಿ ತೊಳೆದ. ನೀರು ಕಲ್ಲಿನ ಮೇಲೆ ಹರಿದು ಹೋಗುವುದನ್ನು ಜನ ನುಂಗುವ ಹಾಗೆ ನೋಡಿದರು.

ಊಟಕ್ಕೆ ಎಂದೋ ಸುಟ್ಟು ಒಣಗಿಸಿಟ್ಟ ಕಟಕು ರೊಟ್ಟಿ, ಹುರಿಗಡಲೆ, ಒಣಮೆಣಸಿನ ಪುಡಿ. ನೀರಿಲ್ಲದ ಊರಲ್ಲಿ ಅನ್ನ ಬೇಯುತ್ತದೆಯೇ?

ಎರಡನೇ ದಿನ ಅರ್ಧ ಚೆಂಬು ಬಂತು. ಥಳುಕಪ್ಪ ಎರಡು ಗುಟುಕು ಕುಡಿದ. ಮಿಕ್ಕಿದ್ದರಲ್ಲಿ ಮೀಸೆ ಒದ್ದೆ ಮಾಡಿ ತಿರುವಿಕೊಂಡ. ನಾಳೆ ಕೋಟೆಯ ಒಡೆಯನಾಗುವವನು ಚೆಂದ ಕಾಣಬೇಡವೇ? ಬಿಸಿಲಲ್ಲಿ ಹೊಳೆಯಲಿ ಅಂತ ಪೆಟ್ಟಿಗೆಯ ಹಿತ್ತಾಳೆ ಪಟ್ಟಿಯನ್ನೂ ಒರೆಸಿದ. ದೀಪ ಹಚ್ಚುವ ಹೊತ್ತಿಗೆ "ಬೀಗದ ಕೈ ಬೇಕು" ಅಂದ. ಆವತ್ತು ಗೋಡೆ ಮಾರ್ದನಿ ಕೊಡಲಿಲ್ಲ. ಗಂಟಲು ಗರಗರ ಅನ್ನುತ್ತಿತ್ತು.

ಮೂರನೇ ದಿನ ಬೆಳಗಾಯಿತು. ಊರಿನ ಎಪ್ಪತ್ತು ಗಡಿಗೆಯೂ ಖಾಲಿ. ಕೊನೆಯ ಗಡಿಗೆಯ ತಳದಲ್ಲಿದ್ದ ಎರಡು ಗುಟುಕನ್ನು ಬಾಣಂತಿ ಹೊನ್ನೂರವ್ವನಿಗೆ ಕೊಟ್ಟರು. ಅವಳ ಹಸುಗೂಸು ಅಳುತ್ತಲೇ ಇತ್ತು. ಆ ಅಳು ಎಲ್ಲ ಮನೆಗೂ ಕೇಳುತ್ತಿತ್ತು. ದೀಪದ ಹೊತ್ತಿನ ತನಕ ಥಳುಕಪ್ಪ ತಡೆದುಕೊಂಡರೆ ಕೋಟೆ ಹೋಯಿತು. ಕೆಂಚಜ್ಜಿಗೂ ಭಯ, ರಾಣಿಗೂ ಭಯ. ಇಬ್ಬರೂ ಕೈ ಕೈ ಹಿಡಿದುಕೊಂಡು ಬಾವಿಕಟ್ಟೆಯ ನೆರಳಲ್ಲಿ ಕೂತರು.

ನಡುಮಧ್ಯಾಹ್ನ. ಕಲ್ಲುಗುಡ್ಡ ಹೆಂಚಿನಂತೆ ಕಾದಿತ್ತು. ಥಳುಕಪ್ಪನ ನಾಲಗೆ ಅಂಗುಳಿಗೆ ಅಂಟಿತು. ಎದ್ದ, ಬಾವಿಯೊಳಗೆ ಇಣುಕಿದ. ಕೆಳಗೆ ಎಲ್ಲೋ ಪಾತಾಳದಲ್ಲಿ ನೀರು ಕಣ್ಣು ಮಿಟುಕಿಸಿತು. ಹಗ್ಗ ತನ್ನದೇ ತಾನೇ? ತಾನೇ ಕೊಡ ಕಟ್ಟಿ ಇಳಿಬಿಟ್ಟ. ಬುಳುಂ! ಆಹಾ, ಎಂಥಾ ಸದ್ದು! ಎಳೆದ. ಒಂದು ಮಾರು ಬಂತು, ಜಾರಿತು. ಇನ್ನೊಮ್ಮೆ ಎಳೆದ. ಅಂಗೈ ಸುಲಿಯಿತು. ಇಪ್ಪತ್ತು ಜನ ಎಳೆಯುವ ಹಗ್ಗ ಒಬ್ಬನಿಗೆ ಬಗ್ಗುತ್ತದೆಯೇ?

"ನೀರು ಬೇಕು," ಅಂದ ಸಣ್ಣಗೆ.

ರಾಣಿ ಎದ್ದು ನಿಂತಳು.

"ಯಾರಾದ್ರೂ ಬನ್ರಪ್ಪ, ನೀರು ಬೇಕು!"

ಎರಡು ಆಯಿತು. ಥಳುಕಪ್ಪ ತುಟಿ ಕಚ್ಚಿಕೊಂಡ. ಮೂರನೇದು ನಾಲಗೆಯ ತುದಿಯಲ್ಲಿ ನಿಂತಿತ್ತು. ಓಡಿಹೋಗಿ ಕೊನೆಯ ಪೆಟ್ಟಿಗೆ ತೆರೆದ. ಒಳಗಿನಿಂದ ಬಂದದ್ದು ಒಂದು ಕೀಲುಕುದುರೆ! ಬಿಳಿ ಕುದುರೆ, ಕೆಂಪು ಜೀನು, ರೇಷ್ಮೆ ಕೇಸರ, ಕಾಲಿಗೆ ಗಾಲಿ. ಕಿವಿ ಹಿಂಡಿದರೆ ತಲೆಯಾಡಿಸಿ ತಾನೇ ಓಡುತ್ತಿತ್ತು. ಎಂಟು ವರ್ಷದವರು ಕೂರೋದಕ್ಕೇ ಅಳತೆ ತೆಗೆದು ಮಾಡಿದ ಹಾಗಿತ್ತು.

"ಇದನ್ನ ತಗೊಳ್ಳಿ ಅಮ್ಮಣ್ಣಿ. ನಿಮ್ಮೋರಿಗೆ ಹೇಳಿ ಒಂದೇ ಒಂದು ಕೊಡ ಎಳೆಸಿಕೊಡಿ. ಹಗ್ಗ ನಂದೇ ಇರಲಿ. ಎಲ್ಲಿ, ಬೇಕು ಅನ್ನಿ!"

ರಾಣಿ ಕುದುರೆಯನ್ನು ನೋಡಿದಳು. ಅದು ಕಣ್ಣು ಹೊಳೆಯಿಸಿ ತಲೆಯಾಡಿಸಿತು.

"ಬೇಕು," ಅಂದಳು.

ಊರಿಗೆ ಊರೇ ಅವಳ ತುಟಿಯನ್ನೇ ನೋಡುತ್ತಾ ನಿಂತಿತು. ಹೊನ್ನೂರವ್ವನ ಮನೆಯಿಂದ ಕೂಸಿನ ಅಳು ಕೇಳಿತು. ಅದೂ ದಣಿದು ಸಣ್ಣದಾಗಿತ್ತು.

ರಾಣಿ ಕುದುರೆಯ ಕೇಸರ ಒಂದು ಸಲ ಸವರಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು.

"ತುಂಬಾ ಆಸೆ ಆಗ್ತಿದೆ," ಅಂದಳು. "ನಿಜವಾಗ್ಲೂ ತುಂಬಾ. ಎರಡನೇ ಬೇಕು ನಾಳೆ ಹೇಳ್ತೀನಿ."

"ನಾಳೆಯಾ!" ಥಳುಕಪ್ಪ ಚೀರಿದ. "ನಾಳೆ ತನಕ ಯಾರಮ್ಮ ಇರ್ತಾರೆ? ಹಾಳಾಗಿ ಹೋಗ್ಲಿ ಕುದುರೆ! ಹಾಳಾಗಿ ಹೋಗ್ಲಿ ಬೀಗದ ಕೈ! ನನಗೆ ನೀರು ಬೇಕು!"

ಮೂರು!

ಊರಿಗೆ ಊರೇ ಹೋ ಅಂತ ಕೂಗಿತು. ಬಾಯಾರಿ ಬಸವಳಿದಿದ್ದವರಿಗೆ ಎಲ್ಲಿತ್ತೋ ಶಕ್ತಿ! ತಿಪ್ಪಯ್ಯ ಮೊದಲು ಹಗ್ಗ ಹಿಡಿದ, ಅವನ ಹಿಂದೆ ಇಪ್ಪತ್ತು ಜನ, ಆಮೇಲೆ ನಲವತ್ತು.

"ನಿನಗೆ ನೀರು ಕೊಡ್ತೀವಿ," ಅಂದಳು ರಾಣಿ. "ನಿನ್ನ ವ್ಯಾಪಾರದ ಮಾತು ಮರೀಬೇಡ. ನಮ್ಮ ಹಗ್ಗ ವಾಪಸ್ಸು ಕೊಡು. ನಮ್ಮ ಕಂಬಳಿ ಕೊಡು. ನಮ್ಮ ಉಪ್ಪು ಕೊಡು."

"ಕೊಟ್ಟೆ, ಕೊಟ್ಟೆ, ಎಲ್ಲಾ ಕೊಟ್ಟೆ! ಎಳೀರಪ್ಪ ಬೇಗ!"

ಎಳೆದರು. ಎಪ್ಪತ್ತು ಮಾರೂ ರಾಟೆಯ ಮೇಲೆ ಕಿರ್ ಕಿರ್ ಅನ್ನುತ್ತಾ ಮೇಲೆ ಬಂತು. ಕೊಡ ತುಳುಕುತ್ತಿತ್ತು. ಮೊದಲ ಚೆಂಬು ಹೊನ್ನೂರವ್ವನಿಗೆ ಹೋಯಿತು. ಎರಡನೇ ಚೆಂಬನ್ನು ರಾಣಿ ತಾನೇ ಥಳುಕಪ್ಪನ ಕೈಗೆ ಕೊಟ್ಟಳು. ಅವನು ಒಂದು ಹನಿಯನ್ನೂ ನೆಲಕ್ಕೆ ಬೀಳಿಸದೆ ಕುಡಿದ, ಮೀಸೆಗೆ ಅಂಟಿದ್ದನ್ನೂ ಚೀಪಿದ. ಕೊಡದ ಮೇಲೆ ಕೊಡ ಬಂತು. ಕತ್ತೆಗಳು ಕುಡಿದವು, ಮುದುಕರು ಕುಡಿದರು, ಮಕ್ಕಳು ಕುಡಿದರು. ಎಲ್ಲರದ್ದೂ ಆದ ಮೇಲೆ ರಾಣಿ ಕುಡಿದಳು. ಅಬ್ಬಾ! ಅಷ್ಟು ರುಚಿಯಾದ ನೀರು ಅವಳು ಹುಟ್ಟಿದ ಮೇಲೆ ಕುಡಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೂಸಿನ ಅಳು ನಿಂತಿತು. ಅದು ನಿಂತದ್ದು ಎಲ್ಲ ಮನೆಗೂ ಕೇಳಿಸಿತು. ಕೆಂಚಜ್ಜಿ ಉಸ್ಸಪ್ಪಾ ಅಂತ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ನಗುತ್ತಾ ಕಣ್ಣೊರೆಸಿಕೊಂಡಳು.

ಥಳುಕಪ್ಪ ತಲೆ ತಗ್ಗಿಸಿ ಹೊರಟ. ಕುದುರೆಯನ್ನೂ ಹೇರಿಕೊಂಡ. ಕನ್ನಡಿ, ಗಿಳಿ ಎರಡನ್ನೂ ರಾಣಿಯೇ ಅವನ ಕತ್ತೆಯ ಮೇಲೆ ಇಟ್ಟಳು. ಛತ್ರಿಯನ್ನು ಮಾತ್ರ ಕೆಂಚಜ್ಜಿ ಬಿಡಲಿಲ್ಲ. "ಅದು ಇರಲಿ, ಹಗ್ಗ ನೋಡುವಾಗ ನನ್ನ ತಲೆಗೆ ನೆರಳಾಗ್ತದೆ" ಅಂತ ಬಾವಿಕಟ್ಟೆಗೆ ಕಟ್ಟಿಸಿಕೊಂಡಳು.

ಆ ಸಂಜೆ ಮನೆಮನೆಯಲ್ಲೂ ಸಾರಿಗೆ ಉಪ್ಪು ಬಿತ್ತು. ರಾಣಿ ಮೂರು ಸಲ ಬಡಿಸಿಕೊಂಡು ಉಂಡಳು.

ಮಾರನೇ ದಿನ ದೀಪ ಹಚ್ಚುವ ಹೊತ್ತಿಗೆ ಕೆಂಚಜ್ಜಿ ಕೇಳಿದಳು, "ಏನವ್ವ, ಕುದುರೆದು ಎರಡನೇ ಬೇಕು ಹೇಳಲ್ವಾ?"

"ಅಯ್ಯೋ! ಮರೆತೇಹೋಗಿತ್ತು ಅಜ್ಜಿ!" ಅಂದಳು ರಾಣಿ. ಅವಳು ಹಗ್ಗ ಹೊಸೆಯುವುದನ್ನು ಕಲಿಯುತ್ತಾ ಕೂತಿದ್ದಳು. ಬೆರಳೆಲ್ಲ ಕೆಂಪಾಗಿತ್ತು. ಆ ವರ್ಷದಿಂದ ಕಾಡಿಗೆಗಲ್ಲು ದುರ್ಗದ ಹಗ್ಗ ಎಪ್ಪತ್ತೊಂದು ಮಾರು ಆಯಿತು. ಒಂದು ಮಾರು ಅರಮನೆಯದು. ಬಾಗಿಲ ಕಲ್ಲಿನ ಮೇಲೆ ಇನ್ನೊಂದು ಸಾಲನ್ನೂ ಕೆತ್ತಿಸಿದರು: "ದಿನಕ್ಕೆ ಒಂದು ಸಲ ಮಾತ್ರ ಬೇಕೆನ್ನತಕ್ಕದ್ದು."

ನೋಡಿ ಮಕ್ಕಳೇ, ಆಸೆ ಪಡುವುದು ತಪ್ಪಲ್ಲ. ಕುದುರೆ ನೋಡಿದರೆ ನನಗೂ ಆಸೆಯಾಗುತ್ತೆ. ಆದರೆ ಆಸೆಪಟ್ಟದ್ದು ಬೇರೆ, ಅದಿಲ್ಲದೆ ಬದುಕಲು ಆಗದ್ದು ಬೇರೆ. ಯಾವುದು ಯಾವುದು ಅಂತ ಗೊತ್ತಾಗದಿದ್ದರೆ ಒಂದು ದಿನ ಕಾಯಿರಿ, ಇನ್ನೊಂದು ದಿನ ಕಾಯಿರಿ. ಆಸೆ ಅಷ್ಟರಲ್ಲಿ ಕರಗುತ್ತೆ, ಅಗತ್ಯ ಉಳಿಯುತ್ತೆ. ಆಸೆಗಾಗಿ ಅಗತ್ಯವನ್ನು ಯಾರಿಗೂ ಕೊಡಬೇಡಿ.

ಅವರ ಬಾವಿಗೆ ಹಗ್ಗ ಬಂತು, ನನ್ನ ಕತೆಗೆ ಕೊನೆ ಬಂತು. ಹೇಳಿ ಹೇಳಿ ಗಂಟಲು ಒಣಗಿದೆ, ಯಾರಾದರೂ ಹೋಗಿ ಒಂದು ಚೆಂಬು ನೀರು ತನ್ನಿ ನೋಡೋಣ. ತುಳುಕಿಸಬೇಡಿ.